ಬಿಡಪ್ಪನ ಪವರ್‌ಹೌಸು

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಅದೀಗ ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿದೆ, ಅಲ್ಲಿಯೂ ತಿಂಗಳಿಗೊಂದು ಕಾಗುಣಿತ. ಊರಿಗೆಲ್ಲ ಅವನು ಬಿಡಪ್ಪ. ಹೆಂಡತಿಗೆ ಸಿಟ್ಟು ಬಂದರೆ ಅವಳಿಗೂ ಬಿಡಪ್ಪ, ಮೊಮ್ಮಗಳಿಗೆ ಬಿಡಪ್ಪ ತಾತ. ಹೆಸರು ಕೇಳಿ ಯಾರೋ ಮನೆದೇವರ ಹೆಸರು ಇಟ್ಟಿದ್ದಾರೆ ಅಂದುಕೊಂಡವರೂ ಇದ್ದಾರೆ. ದೇವರಿಗೂ ಇದಕ್ಕೂ ಏನೂ ಸಂಬಂಧವಿಲ್ಲ, ಇದು ಟೆಲಿಫೋನಿನ ಪ್ರಸಾದ.

ಅವನು ನೀರಾವರಿ ಮಂಡಳಿಯ ಪವರ್‌ಹೌಸಿನಲ್ಲಿ ಆಪರೇಟರು. ಪವರ್‌ಹೌಸು ಅಂದ ಕೂಡಲೇ ಬೆಟ್ಟ, ಅಣೆಕಟ್ಟು, ಸುರಂಗ ಅಂತೆಲ್ಲ ಕಣ್ಣಿಗೆ ತಂದುಕೊಳ್ಳಬೇಡಿ. ರೈತರೇ ಸೇರಿ ಕಟ್ಟಿಕೊಂಡ ಮಂಡಳಿ, ಅದಕ್ಕೊಂದು ಕಾಲುವೆ. ಆ ಕಾಲುವೆ ಬಯಲಿನಲ್ಲಿ ಸೋಮಾರಿಯ ಹಾಗೆ ಬಂದು ಒಂದು ಕಡೆ ಎರಡು ಮಹಡಿಯಷ್ಟು ಕೆಳಕ್ಕೆ ಧುಮುಕುತ್ತದೆ. ಸುಮ್ಮನೆ ಬೀಳುವ ನೀರು ಒಂದಿಷ್ಟು ಕೆಲಸ ಮಾಡಿ ಬೀಳಲಿ ಎಂದು ಯಾರಿಗೋ ಹೊಳೆಯಿತು. ಮೇಲೆ ಒಂದು ತೊಟ್ಟಿ, ತೊಟ್ಟಿಗೊಂದು ಗೇಟು, ಗೇಟಿನಿಂದ ಇಳಿಯುವ ದಪ್ಪ ಕೊಳವೆ, ಕೊಳವೆಯ ಕೊನೆಗೆ ತಗಡು ಮಾಡಿನ ಕೋಣೆ, ಕೋಣೆಯೊಳಗೆ ಒಂದೇ ಒಂದು ಯಂತ್ರ. ನೀರು ಯಂತ್ರ ತಿರುಗಿಸಿ ಕೆಳಗಿನ ಕಾಲುವೆಗೆ ಬಿದ್ದು ಗದ್ದೆಗೆ ಹೋಗುತ್ತದೆ, ಕರೆಂಟು ಹೊರಗಿನ ಲೈನಿಗೆ ಹೋಗುತ್ತದೆ. ಯಂತ್ರ ಕೆಮ್ಮುತ್ತದೆ, ನರಳುತ್ತದೆ, ನೀರು ಸಾಲದಿದ್ದರೆ ಗೊಣಗುತ್ತದೆ. ಅದಕ್ಕೇ ಅದರ ಹೆಸರು ಅಜ್ಜಿ.

ಕೆಳಗಿನ ರೈತರಿಗೆ ಅಜ್ಜಿಯ ಮೇಲೆ ಮೊದಲಿನಿಂದಲೂ ಗುಮಾನಿ. ಕರೆಂಟು ತೆಗೆದ ನೀರೆಂದರೆ ಕೆನೆ ತೆಗೆದ ಹಾಲು, ಅದರಲ್ಲಿ ಸತ್ವ ಎಲ್ಲಿರುತ್ತೆ ಎಂದು ಅವರ ವಾದ. ‘ನಮ್ಮ ಪಾಲಿನ ಕರೆಂಟು ನೀರಲ್ಲೇ ಇರ್ಲಿ ಮಾರಾಯ, ಬೆಳೆಗೆ ಶಕ್ತಿ ಬರುತ್ತೆ’ ಎಂದು ಒಬ್ಬ ಮುದುಕ ಬಂದು ಗೇಟಿನ ಮುಂದೆ ಧರಣಿಯನ್ನೇ ಕೂತಿದ್ದ. ಬಿಡಪ್ಪ ಅವನಿಗೆ ಚಹಾ ಕುಡಿಸಿ, ಆ ಚಹಾದ ನೀರೂ ಅಜ್ಜಿಯ ಹೊಟ್ಟೆಯಿಂದಲೇ ಬಂದದ್ದು ಎಂದು ಹೇಳಿ ಕಳಿಸಿದ. ಮುದುಕ ದಾರಿಯುದ್ದಕ್ಕೂ ಉಗುಳುತ್ತ ಹೋದ.

ಪವರ್‌ಹೌಸಿನ ಗೋಡೆಗೆ ಗೋಡೆ ತಾಗಿದಂತೆ ಬಿಡಪ್ಪನ ಮನೆ. ಮಂಡಳಿಯದೇ ಮನೆ. ಆ ಮನೆಗೆ ಕರೆಂಟು ಮಾತ್ರ ಪೇಟೆಯ ಲೈನಿನಿಂದ, ಅದೂ ಬಂದರೆ ಬಂತು, ಹೋದರೆ ಹೋಯಿತು. ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಹೊಲಿಗೆ ಯಂತ್ರಕ್ಕೆ ಆಸೆಪಟ್ಟು ಒಂದು ಮೋಟಾರು ಕೂಡಿಸಿದ್ದಳು. ಪವರ್‌ಹೌಸಿನ ಮಗ್ಗುಲಲ್ಲಿ ಕೂತು ಕರೆಂಟಿಗೆ ಕಾದು ಕಾದು ಸಾಕಾಗಿ ಕೊನೆಗೆ ಮತ್ತೆ ಕಾಲಲ್ಲಿ ತುಳಿಯುವುದಕ್ಕೇ ಬಂದಳು. ‘ದೀಪದ ಬುಡದಲ್ಲೇ ಕತ್ತಲೆ ಅಂತ ಗಾದೆ ಮಾಡಿದೋರು ನಮ್ಮನೆ ನೋಡ್ಕೊಂಡೇ ಮಾಡಿರ್ಬೇಕು’ ಎನ್ನುವುದು ಅವಳ ಮಾಮೂಲಿ ಮಾತು.

ಈಗ ಹೆಸರಿನ ವಿಷಯ. ನಮ್ಮ ಮಾತಿನಲ್ಲಿ ‘ಬಿಡು’ ಅನ್ನುವುದಿದೆಯಲ್ಲ, ಅದು ಅಡ್ಡಗೋಡೆಯ ಮೇಲಿಟ್ಟ ದೀಪ. ನೀರು ಬಿಡು ಅಂದರೆ ಹರಿಸು. ಹಟ ಬಿಡು ಅಂದರೆ ನಿಲ್ಲಿಸು. ಬಸ್ಸು ಬಿಡು ಅಂದರೆ ಓಡಿಸು ಅಂತಲೂ ಆಗುತ್ತದೆ, ಆ ಬಸ್ಸು ಬೇಡ ಅಂತಲೂ ಆಗುತ್ತದೆ. ಬರೀ ‘ಬಿಡು’ ಅಂದರಂತೂ ಅಂದವರ ಮುಖ ನೋಡಿ ತಿಳಿದುಕೊಳ್ಳಬೇಕು. ಫೋನಿನಲ್ಲಿ ಮುಖ ಎಲ್ಲಿಂದ ತರುವುದು?

ಮಂಡಳಿಯ ಅಧ್ಯಕ್ಷರಿಗೆ ಇದು ಪ್ರಾಣಕ್ಕಿಂತ ಪ್ರಿಯವಾದ ಮಾತು. ಚುನಾವಣೆ ಬರುತ್ತದೆ, ಹೋಗುತ್ತದೆ, ಅಧ್ಯಕ್ಷರು ಬರುತ್ತಾರೆ, ಹೋಗುವುದಿಲ್ಲ. ಅಂಥವರು ಮಾತು ನೋಡಿಕೊಂಡೇ ಆಡಬೇಕು. ಮಾಡು ಅಂದರೆ ಮಾಡಿಸಿದವರು ನೀವೇ ಅನ್ನುತ್ತಾರೆ, ಬೇಡ ಅಂದರೆ ತಡೆದವರು ನೀವೇ ಅನ್ನುತ್ತಾರೆ. ಬಿಡು ಅಂದವರನ್ನು ಯಾವ ಕೋರ್ಟೂ ಹಿಡಿಯಲಾರದು. ಪವರ್‌ಹೌಸಿನ ಮಾಡು ಸೋರುತ್ತದೆ ಅಂದರೆ ಬಿಡು. ಗೇಟಿನ ರಬ್ಬರು ಹರಿದಿದೆ ಅಂದರೆ ಬಿಡು. ನೀರು ನಿಂತ ಕೂಡಲೇ ಅಜ್ಜಿಯನ್ನು ಹೊರಗಿನ ಲೈನಿನಿಂದ ತಾನಾಗಿ ಕಳಚುವ ಒಂದು ಪುಟ್ಟ ಪೆಟ್ಟಿಗೆ ಗೋಡೆಯ ಮೇಲಿತ್ತು. ಅದು ಒಂದು ಸಿಡಿಲಿಗೆ ಸುಟ್ಟು ಕರಕಲಾಯಿತು. ‘ಅದಿಲ್ಲದಿದ್ರೆ ನೀರು ನಿಂತಾಗ ಅಜ್ಜಿ ಕರೆಂಟು ಕೊಡೋ ಬದಲು ಕುಡಿಯೋಕೆ ಶುರು ಮಾಡ್ತಾಳೆ ಸಾರ್, ಹೊರಗಿನ ಕರೆಂಟಲ್ಲಿ ಫ್ಯಾನ್ ತಿರುಗಿದ ಹಾಗೆ ತಿರುಗ್ತಾಳೆ’ ಎಂದು ಬಿಡಪ್ಪ ಗೋಗರೆದ. ‘ಬಿಡು’ ಎಂದರು. ಅಂದಿನಿಂದ ನೀರು ನಿಂತಾಗಲೆಲ್ಲ ಇವನೇ ಓಡಿಹೋಗಿ ಹಿಡಿಕೆ ಎಳೆದು ಲೈನು ಕಳಚಬೇಕು.

ಅವನು ಕೆಲಸಕ್ಕೆ ಸೇರಿದ ಹೊಸದು. ಕಾಲುವೆ ಮುಚ್ಚಿ ಹೂಳು ತೆಗೆಯುವ ಕಾಲ. ಮೇಲೆ ತೊಟ್ಟಿಯಲ್ಲಿ ನೀರು ತುಂಬಿ ನಿಂತಿದೆ, ತಗಡಿನ ಮಾಡು ಸೋರುತ್ತಿದೆ. ಹುಡುಗು ಬುದ್ಧಿ, ಎರಡನ್ನೂ ಒಟ್ಟಿಗೇ ವರದಿ ಮಾಡಿದ. ‘ಸಾರ್, ಮಾಡು ಸೋರ್ತಾ ಇದೆ, ತೊಟ್ಟಿ ತುಂಬಿದೆ, ಏನ್ ಮಾಡ್ಲಿ?’ ಅಧ್ಯಕ್ಷರು ‘ಬಿಡಪ್ಪಾ!’ ಎಂದರು. ಇವನು ಬಿಟ್ಟ. ಕೆಳಗಿನ ಕಾಲುವೆಯಲ್ಲಿ ಆಗ ಅಧ್ಯಕ್ಷರ ಭಾವಮೈದ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ತೊಟ್ಟು, ಶ್ರಮದಾನದ ಫೋಟೋಕ್ಕಾಗಿ ಗುದ್ದಲಿ ಹಿಡಿದು ನಗುತ್ತ ನಿಂತಿದ್ದ. ಹೂಳೆತ್ತುವವರು ಸದ್ದು ಕೇಳಿ ಹಾರಿ ದಡ ಸೇರಿದರು. ಅವರಿಗೆ ಕಾಲುವೆ ಗೊತ್ತು. ಭಾವಮೈದನಿಗೆ ಕ್ಯಾಮೆರಾ ಮಾತ್ರ ಗೊತ್ತಿತ್ತು. ಮುಂದಿನ ಸೇತುವೆಯ ಹತ್ತಿರ ಅವನನ್ನು ಎತ್ತಿದಾಗ ಗುದ್ದಲಿ ಕೈಯಲ್ಲೇ ಇತ್ತು, ನಗು ಇರಲಿಲ್ಲ.

ಹೆಸರು ಹೀಗೆ ಬಂತು. ಹೆಸರಿನ ಜೊತೆಗೆ ಇನ್ನೊಂದೂ ಬಂತು. ಅವನನ್ನು ಕಾಯಂ ಮಾಡುವ ಫೈಲನ್ನು ಅಧ್ಯಕ್ಷರು ಹಿಡಿದಿಟ್ಟರು. ಮಗಳು ಹುಟ್ಟಿದಾಗ ಅವನು ಹಂಗಾಮಿ. ಅವಳ ಮದುವೆಯಲ್ಲಿ ಹಂಗಾಮಿ. ಮಗಳಿಗೆ ಮಗಳು ಹುಟ್ಟಿದಾಗಲೂ ತಾತ ಹಂಗಾಮಿಯೇ. ಅಳಿಯ ಅಂಚೆ ಕಚೇರಿಯಲ್ಲಿ ಕಾಯಂ. ಅವನು ಮನೆಗೆ ಬಂದರೆ ಇದ್ದ ಒಂದು ಕೈಕುರ್ಚಿ ಅವನಿಗೆ, ಬಿಡಪ್ಪನಿಗೆ ಸ್ಟೂಲು. ಅಳಿಯ ಒಳ್ಳೆಯವನೇ, ‘ನೀವು ಕೂತ್ಕೊಳಿ ಮಾವ’ ಅನ್ನುತ್ತಾನೆ. ‘ನೀವೇ ಕೂತ್ಕೊಳಿ, ನಿಮ್ದು ಕಾಯಂ ಸೊಂಟ’ ಎಂದು ಬಿಡಪ್ಪ ನಗಿಸುತ್ತಾನೆ. ನಗಿಸಿದ ಮೇಲೆ ಯಂತ್ರ ನೋಡಿ ಬರುತ್ತೇನೆಂದು ಎದ್ದು ಹೋಗುತ್ತಾನೆ. ಯಂತ್ರ ನಿಂತಿದ್ದಾಗಲೂ ಹೋಗುತ್ತಾನೆ.

ಈ ವರ್ಷ ಮಂಡಳಿ ಒಂದು ತೀರ್ಮಾನ ಮಾಡಿತು. ಬರುವ ವರ್ಷದಿಂದ ಹಂಗಾಮಿಗಳು ಬೇಡ. ಕಾಯಂ ಆದವರು ಉಳಿಯಬಹುದು, ಆಗದವರು ಮನೆಗೆ ಹೋಗಬಹುದು. ಬಿಡಪ್ಪನ ಮನೆಯೂ ಮಂಡಳಿಯದೇ ಆದ್ದರಿಂದ ಅವನಿಗೆ ಹೋಗಲು ಮನೆಯೂ ಇರುವುದಿಲ್ಲ, ಇದು ಯಾರ ತಲೆಗೂ ಹೋಗಲಿಲ್ಲ. ಹೆಂಡತಿ ಮಾತ್ರ ಅಂದು ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸಿದಳು. ‘ಮಗಳ ಮನೆ ಬಾಗಿಲಿಗೆ ಹೋಗಿ ನಿಲ್ಲೋದು ನನ್ನಿಂದಾಗಲ್ಲ ಕಣ್ರೀ. ಒಂದು ಸಲ, ಒಂದೇ ಒಂದು ಸಲ ಹೋಗಿ ಬಾಯಿ ಬಿಟ್ಟು ಕೇಳಿ’ ಎಂದಳು.

ಕೇಳಿದ. ಪುಣ್ಯಕ್ಕೆ ಚುನಾವಣೆ ಹತ್ತಿರವಿತ್ತು. ಪವರ್‌ಹೌಸಿನ ‘ಪುನಶ್ಚೇತನ’ ಸಮಾರಂಭ ಮಾಡುವ ಹುಕಿ ಅಧ್ಯಕ್ಷರಿಗೆ ಬಂದಿತ್ತು. ಪುನಶ್ಚೇತನ ಎಂದರೆ ಅಜ್ಜಿಗೆ ಹಸಿರು ಬಣ್ಣ ಬಳಿದದ್ದು, ಗೋಡೆಗೆ ಅಜ್ಜಿಗಿಂತ ದೊಡ್ಡದಾದ ಅಧ್ಯಕ್ಷರ ಚಿತ್ರ ತೂಗುಹಾಕಿದ್ದು. ಅಧ್ಯಕ್ಷರು ವೇದಿಕೆಯಲ್ಲಿ ಅಜ್ಜಿಯನ್ನು ಲೈನಿಗೆ ಕೂಡಿಸುವ ಗುಂಡಿ ಒತ್ತಬೇಕು, ಅಜ್ಜಿ ತಿರುಗಬೇಕು, ಕಂಬಕ್ಕೆ ಕಟ್ಟಿದ ಬಣ್ಣದ ದೀಪಗಳು ಉರಿಯಬೇಕು. ‘ಅವತ್ತು ಎಲ್ಲ ಸರಿಯಾಗಿ ನಡೆಸ್ಕೊಡು. ನಿನ್ನ ಆರ್ಡರು ಅಲ್ಲೇ ಬಿಡಿಸ್ತೀನಿ’ ಎಂದರು. ಅಷ್ಟೇ ಅಲ್ಲ, ಕಾರ್ಯದರ್ಶಿ ಮುಂದೆ ಹಿಡಿದ ಕಾಗದಗಳ ಜೊತೆಗೆ ಬಿಡಪ್ಪನ ಆರ್ಡರಿಗೂ ಸಹಿ ಬಿತ್ತು. ಅಧ್ಯಕ್ಷರು ಓದದೆ ಸಹಿ ಹಾಕುವವರು, ಕಾರ್ಯದರ್ಶಿ ಓದಿಯೂ ಬಿಡದವರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಕಾರ್ಯದರ್ಶಿ ಆ ಹಾಳೆಯನ್ನು ತಮ್ಮ ಕಂಕುಳಲ್ಲಿ ಸದಾ ಇರುವ ಚೀಲದೊಳಗೆ ಇಳಿಸಿ, ‘ಅಧ್ಯಕ್ಷರ ಬಾಯಿಂದ ಬಿಡು ಅಂತ ಬಂದ ತಕ್ಷಣ ಬಿಡ್ತೀನಪ್ಪ. ಅಲ್ಲೀವರೆಗೂ ಇದು ನನ್ನ ಚೀಲದಲ್ಲೇ ಭದ್ರ’ ಎಂದರು.

ಒಂದೇ ತೊಡಕು. ಸಮಾರಂಭ ಇಟ್ಟುಕೊಂಡಿದ್ದು ಕಾಲುವೆ ಮುಚ್ಚುವ ತಿಂಗಳಲ್ಲಿ. ‘ಸಾರ್, ಆಗ ನೀರಿರಲ್ಲ’ ಎಂದರೆ, ‘ನನಗೆ ಪುರುಸೊತ್ತಿರೋದು ಆವಾಗ್ಲೇ’ ಎಂದು ಉತ್ತರ ಬಂತು. ಸರಿ, ಕಾಲುವೆಯ ಕೊನೆಯ ನೀರನ್ನೇ ತೊಟ್ಟಿಯಲ್ಲಿ ಹಿಡಿದಿಡಬೇಕು. ಒಂದು ತೊಟ್ಟಿ ನೀರಿಗೆ ಅಜ್ಜಿ ಒಂದು ಸಣ್ಣ ಭಾಷಣದಷ್ಟು ಹೊತ್ತು ತಿರುಗಬಲ್ಲಳು. ಅಧ್ಯಕ್ಷರ ಭಾಷಣದಷ್ಟು ಹೊತ್ತು ತಿರುಗಬೇಕಾದರೆ ಸಮುದ್ರವೇ ಬೇಕು. ಗೇಟಿನ ಹರಿದ ರಬ್ಬರಿನ ಸಂದಿಗೆ ಹೆಂಡತಿ ಕೊಟ್ಟ ಚಿಂದಿ ಬಟ್ಟೆ ತುರುಕಿ, ಮೇಲೆ ಜೇಡಿಮಣ್ಣು ಮೆತ್ತಿ, ಬಿಡಪ್ಪ ಆ ನೀರನ್ನು ಹಸುಗೂಸಿನ ಹಾಗೆ ಕಾಪಾಡಿದ. ದನಗಳು ಕುಡಿಯಲು ಬಂದರೆ ಅಟ್ಟಿದ. ತನ್ನ ಜೀವನವೆಲ್ಲ ಆ ತೊಟ್ಟಿಯೊಳಗೆ ಮಡುಗಟ್ಟಿ ನಿಂತಿದೆ ಅನ್ನಿಸುತ್ತಿತ್ತು ಅವನಿಗೆ.

ಸಮಾರಂಭದ ದಿನ ಬೆಳಿಗ್ಗೆ ನೋಡಿದರೆ, ಕೊರತೆಯಲ್ಲ, ಅತಿಯಾಗಿತ್ತು. ಮೇಲಿನ ಕಾಲುವೆಯವರು ಅಧ್ಯಕ್ಷರನ್ನು ಮೆಚ್ಚಿಸಲು ಅಲ್ಲಲ್ಲಿ ನಿಂತಿದ್ದ ನೀರನ್ನೆಲ್ಲ ಕೆಳಕ್ಕೆ ತಳ್ಳಿದ್ದರು. ತೊಟ್ಟಿ ತುಂಬಿ ತುಳುಕಿ, ಅಂಚು ಮೀರಿ ಕುರ್ಚಿಗಳ ಸಾಲಿನ ಕಡೆ ಹರಿಯಲು ಹವಣಿಸುತ್ತಿತ್ತು. ಬಿಡಪ್ಪನಿಗೆ ಹಳೆಯ ಪಾಠ ನೆನಪಿತ್ತು, ಈ ಸಲ ಬಿಡಿಸಿ ಕೇಳಬೇಕೆಂದು ಫೋನು ಮಾಡಿದ.

‘ಸಾರ್, ತೊಟ್ಟಿ ತುಂಬಿ ಕುರ್ಚಿ ಕಡೆಗೆ ನೀರು ಬರ್ತಾ ಇದೆ. ಗೇಟ್ ಎತ್ತಿ ನೀರು ಬಿಡ್ಲಾ?’

‘ಬಿಡು, ಬಿಡು. ನಾನ್ ಬರ್ತಾ ಇದ್ದೀನಿ.’

‘ಸಾರ್, ಬಿಡು ಅಂದ್ರೆ...’

‘ಬಿಡೋ ಮಾರಾಯ! ಬಂದೆ ಅಂದೆನಲ್ಲ.’

ಅಧ್ಯಕ್ಷರು ಆಗ ಕ್ಷೌರದಂಗಡಿಯಲ್ಲಿ ಮೀಸೆಗೆ ಕರಿ ಹಚ್ಚಿಸಿಕೊಳ್ಳುತ್ತಿದ್ದರೆಂದು ಆಮೇಲೆ ತಿಳಿಯಿತು. ತುಟಿ ಹೆಚ್ಚು ಅಲುಗಿಸುವ ಹಾಗಿರಲಿಲ್ಲ. ಕುರ್ಚಿ ಅನ್ನುವುದೊಂದು ಕಿವಿಗೆ ಬಿದ್ದಿತ್ತು, ಕುರ್ಚಿಗೇನೋ ಸಣ್ಣ ತಕರಾರು, ನಾನು ಬಂದು ನೋಡುತ್ತೇನೆ ಅಂದುಕೊಂಡಿದ್ದರು. ಬಿಡಪ್ಪ ಅಂದುಕೊಂಡದ್ದು ಬೇರೆ: ಅಧ್ಯಕ್ಷರು ತಿರುವಿನಲ್ಲೇ ಇದ್ದಾರೆ, ಬರುವಷ್ಟರಲ್ಲಿ ಅಜ್ಜಿ ತಿರುಗುತ್ತಿರಬೇಕು. ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ, ಇನ್ನೇನು ಬೇಕು? ಗೇಟಿನ ಚಕ್ರ ತಿರುಗಿಸಿ ಲೈನು ಕೂಡಿಸಿದ.

ಅಜ್ಜಿ ಅಂದು ತಿರುಗಿದ ಚಂದ ಏನು ಹೇಳಲಿ! ಕೆಮ್ಮಿದಳು, ಗಂಟಲು ಸರಿಮಾಡಿಕೊಂಡಳು, ಗೊಂಯ್ ಎಂದು ಹಾಡಿದಳು. ಮೀಟರಿನ ಮುಳ್ಳು ಬಲಕ್ಕೆ ವಾಲಿ ನಿಂತಿತು. ಬಣ್ಣದ ದೀಪ ಹತ್ತಿದವು. ಕುರ್ಚಿ ಹಾಕುವವರು, ಚಹಾದವರು, ಮೈಕಿನವನು ಎಲ್ಲ ಚಪ್ಪಾಳೆ ಹೊಡೆದರು. ಮುಖ್ಯ ಅತಿಥಿಗಳು ಇಲ್ಲ ಅನ್ನುವುದೊಂದು ಬಿಟ್ಟರೆ ಉದ್ಘಾಟನೆ ಸಾಂಗವಾಗಿ ನಡೆದುಹೋಯಿತು. ಬಿಡಪ್ಪ ರಸ್ತೆ ನೋಡಿದ, ತೊಟ್ಟಿ ನೋಡಿದ. ರಸ್ತೆ ಖಾಲಿ ಇತ್ತು, ತೊಟ್ಟಿ ಖಾಲಿಯಾಗುತ್ತಿತ್ತು. ಗೇಟು ಇಳಿಸಲೇ ಅಂದುಕೊಂಡ. ಬಿಡು ಅಂದ ಮೇಲೆ ಹಿಡಿಯುವುದು ಹೇಗೆ? ಕೊನೆಗೆ ಅಜ್ಜಿ ಎರಡು ಸಲ ಗಾಳಿ ಉಗುಳಿ ಗೊಣಗಿದಳು. ಅವನು ಓಡಿಹೋಗಿ ಹಿಡಿಕೆ ಎಳೆದ. ಎಲ್ಲ ನಿಂತಿತು.

ಹೆಂಡತಿ ಒದ್ದೆ ಕೈ ಸೆರಗಿಗೆ ಒರೆಸುತ್ತ ಓಡಿಬಂದಳು. ‘ಯಾಕ್ರೀ ನಿಲ್ಲಿಸಿದ್ರಿ?’

‘ನೀರು ಮುಗೀತು.’

‘ಅಯ್ಯೋ, ಬಿಟ್ಟೋರು ಯಾರು?’

‘ಬಿಡು ಅಂದ್ರು ಕಣೇ.’

ಅವಳು ತಲೆಯ ಮೇಲೆ ಕೈಹೊತ್ತು ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು. ‘ಬಿಡು ಅಂದ್ರೆ ಬಿಡು ಅಂತ ಯಾಕ್ರೀ ತಿಳ್ಕೊಂಡ್ರಿ? ಇಷ್ಟು ವರ್ಷ ಆಯ್ತು, ಇನ್ನೂ ಆ ಮನುಷ್ಯನ ಮಾತು ಅರ್ಥ ಆಗಲ್ವಾ ನಿಮ್ಗೆ?’ ಎಂದಳು. ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ಬಿಡಪ್ಪ ತಡೆದುಕೊಳ್ಳುತ್ತಿದ್ದ. ಸಿಟ್ಟಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಗ್ಗುಲಲ್ಲೇ ತನ್ನ ಮನೆ ಕಾಣುತ್ತಿತ್ತು. ಕಿಟಕಿಗೆ ಅವಳು ನಿನ್ನೆಯಷ್ಟೇ ಹೊಸ ಪರದೆ ಹೊಲಿದು ಹಾಕಿದ್ದಳು.

ಅಧ್ಯಕ್ಷರ ಕಾರು ಬಂತು. ಹಿಂದೆ ಜನ, ಮುಂದೆ ಫೋಟೋದವರು, ನಡುವೆ ಮೀಸೆ. ಬಿಡಪ್ಪ ಹೇಗೋ ನುಸುಳಿ ಕಿವಿಯಲ್ಲಿ ಹೇಳಿದ. ‘ಸಾರ್, ತೊಟ್ಟೀಲಿ ನೀರಿಲ್ಲ. ನೀವು ಬಿಡು ಅಂದ್ರಲ್ಲ, ಬಿಟ್ಟೆ.’

ಅಧ್ಯಕ್ಷರ ಮುಖದ ನಗು ಹಾಗೇ ಇತ್ತು, ಹಲ್ಲುಗಳ ನಡುವಿನಿಂದ ಮಾತು ಬಂತು. ‘ಲೋ, ನಾನಂದಿದ್ದು ಆ ವಿಷ್ಯ ಬಿಡು ಅಂತ! ಈಗ ಗುಂಡಿ ಒತ್ತಿದಾಗ ಏನೂ ತಿರುಗದಿದ್ರೆ, ನಾಳೆಯಿಂದ ನೀನು ಕೆಲಸಕ್ಕೆ ಊರೂರು ತಿರುಗ್ತೀಯ, ನೆನಪಿಟ್ಕೋ.’

ಇನ್ನು ಮಾಡುವುದೇನೂ ಇರಲಿಲ್ಲ. ಬಿಡಪ್ಪ ಅಜ್ಜಿಯ ಮಗ್ಗುಲಲ್ಲಿ ಹೋಗಿ ನಿಂತು ಕಣ್ಣು ಮುಚ್ಚಿದ. ಹೊರಗೆ ಮೈಕಿನವನು ಒಂದು, ಎರಡು, ಮೂರು ಅಂದ. ಅಧ್ಯಕ್ಷರು ಗುಂಡಿ ಒತ್ತಿದರು.

ಅಜ್ಜಿ ತಿರುಗಿದಳು!

ವೇದಿಕೆಯ ದೀಪಗಳು ಒಂದು ಗಳಿಗೆ ಮಂಕಾಗಿ ಮತ್ತೆ ಹೊಳೆದವು. ಕೆಮ್ಮಿಲ್ಲ, ನರಳಾಟವಿಲ್ಲ, ಎಣ್ಣೆ ಹಚ್ಚಿದ ಹಾಗೆ ಸೊಗಸಾಗಿ ತಿರುಗುತ್ತಿದ್ದಾಳೆ. ತೊಟ್ಟಿಯಲ್ಲಿ ಹನಿ ನೀರಿಲ್ಲ. ಬಿಡಪ್ಪನಿಗೆ ಮೈ ಜುಮ್ಮೆಂದಿತು. ಸತ್ತ ಅಜ್ಜಿ ಎದ್ದು ಕೂತರೆ ಹೇಗೋ ಹಾಗೆ. ಆಮೇಲೆ ಕಣ್ಣು ಮೀಟರಿನ ಮೇಲೆ ಬಿತ್ತು. ಮುಳ್ಳು ಸೊನ್ನೆ ದಾಟಿ ಎಡಕ್ಕೆ ವಾಲಿತ್ತು. ಆ ಸುಟ್ಟ ಪೆಟ್ಟಿಗೆ! ಗುಂಡಿ ಒತ್ತಿದ್ದೇ ತಡ ಅವನು ಕಳಚಿದ್ದ ಲೈನು ಮತ್ತೆ ಕೂಡಿಕೊಂಡಿತ್ತು, ನೀರಿಲ್ಲವೆಂದು ಅದನ್ನು ತಾನಾಗಿ ಕಳಚಲು ಪೆಟ್ಟಿಗೆ ಇಲ್ಲ, ಅಜ್ಜಿ ಹೊರಗಿನ ಕರೆಂಟನ್ನು ಗಟಗಟ ಕುಡಿಯುತ್ತ ದೊಡ್ಡ ಫ್ಯಾನಿನ ಹಾಗೆ ತಿರುಗುತ್ತಿದ್ದಳು. ಕರೆಂಟು ಹುಟ್ಟಿಸುವ ಮನೆಯ ಪುನಶ್ಚೇತನ ಸಮಾರಂಭ ಊರ ಕರೆಂಟು ತಿಂದು ನಡೆಯುತ್ತಿತ್ತು.

ಅಷ್ಟರಲ್ಲಿ ಗುಂಪೆಲ್ಲ ಒಳಗೆ ನುಗ್ಗಿತು. ಬಿಡಪ್ಪ ಒಂದೇ ನೆಗೆತಕ್ಕೆ ಮೀಟರಿನ ಮುಂದೆ ಹೋಗಿ ಬೆನ್ನು ಒತ್ತಿ ನಿಂತ. ಫೋಟೋದವನು ‘ಸ್ವಲ್ಪ ಸರೀರಿ’ ಅಂದರೂ ಸರಿಯಲಿಲ್ಲ. ‘ಎಷ್ಟು ಬರ್ತಾ ಇದೆ?’ ಎಂದು ಒಬ್ಬರು ಕೇಳಿದರು. ‘ಹೇಳೋಕಾಗಲ್ಲ ಸಾರ್, ಅಷ್ಟು!’ ಎಂದ. ಕೆಳಗಿನ ಕಾಲುವೆಗೆ ಇಣುಕಿದ ಒಬ್ಬ ರೈತ, ‘ಅಧ್ಯಕ್ಷರೇ, ಯಂತ್ರ ತಿರುಗ್ತಿದೆ, ಸರಿ. ಕೆಳಗೆ ಒಂದು ತೊಟ್ಟು ನೀರೂ ಬರ್ತಾ ಇಲ್ವಲ್ಲ?’ ಎಂದ.

ಬಿಡಪ್ಪನ ಉಸಿರು ನಿಂತಿತು. ಅಧ್ಯಕ್ಷರ ಉಸಿರು ನಿಲ್ಲುವಂಥದ್ದಲ್ಲ. ಒಂದು ಕ್ಷಣ ಕೆಳಗೆ ನೋಡಿದರು, ಒಂದು ಕ್ಷಣ ಮೇಲೆ ನೋಡಿದರು, ಮೈಕು ತರಿಸಿದರು. ‘ಮಿತ್ರರೇ, ಇದೇ ಪುನಶ್ಚೇತನ! ಹಿಂದೆ ಅರ್ಧ ನೀರು ಕರೆಂಟಾಗಿ ಅರ್ಧ ನೀರು ಪೋಲಾಗ್ತಿತ್ತು. ಈಗ ನೋಡಿ, ಇದ್ದಬದ್ದ ನೀರೆಲ್ಲ ಕರೆಂಟೇ! ಒಂದು ಹನಿ ಹೊರಗೆ ಬಂದಿದ್ದರೆ ತೋರಿಸಿ!’ ಯಾರೂ ತೋರಿಸಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಕೆನೆ ತೆಗೆದ ನೀರಿನ ಮುದುಕನೂ ಅಲ್ಲಿದ್ದ. ಅವನೊಬ್ಬ ಮಾತ್ರ, ‘ಹಾಗಾದ್ರೆ ನಮ್ಮ ಗದ್ದೆಗೇನು ಬಿಡ್ತೀರಪ್ಪಾ?’ ಎಂದು ಕೇಳಿದ. ಚಪ್ಪಾಳೆಯಲ್ಲಿ ಅದು ಮುಳುಗಿಹೋಯಿತು.

ಜನ ಚಹಾ ಬನ್ನಿನ ಕಡೆ ಹೊರಳಿದ ಕೂಡಲೇ ಬಿಡಪ್ಪ ಹಿಡಿಕೆ ಎಳೆದು ಅಜ್ಜಿಯನ್ನು ನಿಲ್ಲಿಸಿದ. ಬೆವರು ಒರೆಸಿಕೊಂಡು ಅಧ್ಯಕ್ಷರ ಹತ್ತಿರ ಹೋದ. ಎಲ್ಲ ಸರಿಯಾಗಿ ನಡೆಯಿತಲ್ಲ, ಮಾತು ಕೊಟ್ಟಿದ್ದರಲ್ಲ.

‘ಸಾರ್, ನನ್ನ ಕಾಯಂ ಆರ್ಡರು...’

ಅಧ್ಯಕ್ಷರು ಫೋಟೋದವರ ಕಡೆಗೇ ಮುಖ ಮಾಡಿದ್ದರು. ‘ನೀರು ಇಲ್ಲ ಇಲ್ಲ ಅಂತ ನನ್ನ ಎದೆ ಒಡೆಸಿದೆಯಲ್ಲೋ ಪುಣ್ಯಾತ್ಮ! ನೀರಿಲ್ಲದೆ ಯಂತ್ರ ತಿರುಗುತ್ತಾ? ಸುಳ್ಳುಬುರುಕ. ಕಾಯಂ ಅಂತೆ ಕಾಯಂ. ಬಿಡು ಅತ್ಲಾಗೆ!’

ಬಿಡಪ್ಪ ಅಲ್ಲೇ ನಿಂತ. ಈ ‘ಬಿಡು’ವಿನಲ್ಲಿ ಯಾವ ಅನುಮಾನವೂ ಇರಲಿಲ್ಲ, ಮುಖ ಎದುರಿಗೇ ಇತ್ತು. ಇಷ್ಟು ವರ್ಷ ಸೋರುವ ಮಾಡಿನ ಕೆಳಗೆ ಬಕೆಟ್ಟು ಇಟ್ಟುಕೊಂಡು ಕಾದದ್ದು, ಸ್ಟೂಲಿನ ಮೇಲೆ ಕೂತು ನಕ್ಕದ್ದು, ಎಲ್ಲ ಒಟ್ಟಿಗೇ ನೆನಪಾಯಿತು. ಅಳು ಬಂತು ಅಂತಲೇ ಹೇಳಬೇಕು. ಅಳು ನುಂಗುತ್ತ ತಿರುಗಿದರೆ ಎದುರಿಗೆ ಚಹಾದ ಮೇಜಿನ ಹತ್ತಿರ ಕಾರ್ಯದರ್ಶಿ, ಕಂಕುಳಲ್ಲಿ ಆ ಚೀಲ.

ಚೀಲ ನೋಡಿದ್ದೇ ಅವನ ತಲೆಯಲ್ಲಿ ಏನೋ ಟಣ್ ಎಂದಿತು. ಒಂದೇ ಮಾತು ತನ್ನನ್ನು ಇಷ್ಟು ಸಲ ಮುಳುಗಿಸಿದೆ. ಒಂದು ಸಲವಾದರೂ ತೇಲಿಸಬಾರದೇ? ನೆಟ್ಟಗೆ ನಡೆದು ಹೋದ.

‘ಸಾರ್, ನನ್ನ ಆರ್ಡರ್ ವಿಷ್ಯ ಅಧ್ಯಕ್ಷರನ್ನ ಈಗ್ತಾನೆ ಕೇಳ್ದೆ. ಬಿಡು ಅಂದ್ರು.’

‘ನಿಜವಾಗ್ಲೂ?’

‘ನನ್ನ ಮೊಮ್ಮಗಳಾಣೆ. ಬೇಕಾದ್ರೆ ನೀವೇ ಕೇಳಿ.’

ಕಾರ್ಯದರ್ಶಿ ಬಿಡುವವರಲ್ಲ. ಅಲ್ಲಿಂದಲೇ ಕುತ್ತಿಗೆ ಉದ್ದ ಮಾಡಿ ಕೂಗಿದರು. ‘ಸಾರ್! ನಮ್ಮ ಆಪರೇಟರು...ಇವನ ಆರ್ಡರು...ಬಿಡು ಅಂದ್ರಂತೆ, ಹೌದಾ?’

ಅಧ್ಯಕ್ಷರ ಬಾಯಿ ತುಂಬ ಬನ್ನು, ಮುಖದ ಮುಂದೆ ಕ್ಯಾಮೆರಾ. ಬನ್ನನ್ನು ಒಂದು ಕೆನ್ನೆಗೆ ತಳ್ಳಿ ಗದರಿದರು. ‘ಬಿಡು ಅಂದೆನಲ್ರೀ! ಒಂದೇ ಮಾತನ್ನ ನನ್ನ ಬಾಯಲ್ಲಿ ಎಷ್ಟು ಸಲ ಹೇಳಿಸ್ತೀರಾ?’

ಕಾರ್ಯದರ್ಶಿ ಬೆಚ್ಚಿಬಿದ್ದು ಚೀಲದ ಬಾಯಿ ತೆರೆದರು. ಹಾಳೆ ಹೊರಬಂತು. ತಾರೀಖು ಬಿತ್ತು, ಮೊಹರು ಬಿತ್ತು, ಬಿಡಪ್ಪನ ಕೈಗೆ ಬಂತು. ಹಾಳೆಯಲ್ಲಿ ಅವನ ಹೆಸರು, ಅಪ್ಪ ಅಮ್ಮ ಇಟ್ಟ ಹೆಸರು, ಮೊದಲ ಸಲ ಸರಿಯಾದ ಕಾಗುಣಿತದಲ್ಲಿತ್ತು.

ಮನೆಯಲ್ಲಿ ಹೆಂಡತಿ ಪಾತ್ರೆಗಳನ್ನು ಹೊಂದಿಸುತ್ತಿದ್ದಳು. ಮನೆ ಖಾಲಿ ಮಾಡುವುದಾದರೆ ಯಾವುದನ್ನು ಒಯ್ಯುವುದು, ಯಾವುದನ್ನು ಬಿಡುವುದು ಎಂದು ಆಗಲೇ ಎರಡು ರಾಶಿ ಮಾಡಿದ್ದಳು. ಅವನು ಹಾಳೆ ಮುಂದೆ ಹಿಡಿದ. ಅವಳು ಓದಿದಳು, ಮತ್ತೆ ಓದಿದಳು, ಅನುಮಾನದಿಂದ ಅವನ ಮುಖ ನೋಡಿದಳು.

‘ಏನ್ ಸುಳ್ಳು ಹೇಳಿ ತಂದ್ರಿ?’

‘ಒಂದಕ್ಷರ ಸುಳ್ಳು ಹೇಳಿಲ್ಲ ಕಣೇ. ಅವರಂದಿದ್ದು ಬಿಡು ಅತ್ಲಾಗೆ ಅಂತ. ನಾನು ಅತ್ಲಾಗೆ ಅನ್ನೋದನ್ನ ಬಿಟ್ಟೆ, ಅಷ್ಟೆ.’

ಅವಳು ನಗಲು ಶುರುಮಾಡಿದಳು. ನಕ್ಕೂ ನಕ್ಕೂ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ಯಾವಾಗ ಅಳುವಾಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಆಮೇಲೆ ಕಣ್ಣು ಒರೆಸಿಕೊಂಡು ಎದ್ದು, ಎರಡೂ ರಾಶಿಯ ಪಾತ್ರೆಗಳನ್ನು ಮತ್ತೆ ಒಂದೇ ಗೂಡಿಗೆ ಏರಿಸಿದಳು. ಅಳಿಯನ ಕೈಕುರ್ಚಿಯನ್ನು ಎಳೆದು ತಂದು ಗಂಡನ ಮುಂದಿಟ್ಟು, ‘ಕೂತ್ಕೊಳಿ’ ಎಂದಳು. ಕೂತ. ಕುರ್ಚಿಯ ಒಂದು ಕಾಲು ಗಿಡ್ಡ ಎಂಬುದು ಅವನಿಗೆ ಅವತ್ತೇ ಗೊತ್ತಾದದ್ದು.

ಅಧ್ಯಕ್ಷರಿಗೆ ಈ ವಿಷಯ ತಿಳಿಯಲಿಲ್ಲವೇ ಅಂದರೆ, ತಿಳಿಯಿತು. ಕಾರ್ಯದರ್ಶಿಯನ್ನು ಕರೆಸಿ ಕೂಗಾಡಿದರು. ‘ತಾವೇ ಎಲ್ಲರ ಮುಂದೆ ಬಿಡು ಅಂದ್ರಿ, ಫೋಟೋದವರೂ ಕೇಳಿಸ್ಕೊಂಡ್ರು’ ಎಂದರು ಕಾರ್ಯದರ್ಶಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚುನಾವಣೆಯ ಹೊತ್ತಿನಲ್ಲಿ ಕೊಟ್ಟದ್ದನ್ನು ಕಿತ್ತುಕೊಂಡರು ಅನ್ನಿಸಿಕೊಳ್ಳುವುದೂ ಚೆನ್ನಾಗಿರಲಿಲ್ಲ. ಅಧ್ಯಕ್ಷರು ಒಂದಿಷ್ಟು ಹೊತ್ತು ಮೀಸೆ ತಿರುವಿ, ‘ಹೋಗ್ಲಿ ಬಿಡಿ’ ಎಂದರು. ಇದರ ಅರ್ಥ ಕಾರ್ಯದರ್ಶಿಗೆ ಆಯಿತು.

ಕಾಲುವೆ ತೆರೆಯುವ ದಿನ ಬಂತು. ಮೇಲಿನಿಂದ ಕೆಂಪು ನೀರು ಎಲೆ, ಕಡ್ಡಿ, ನೊರೆ ಹೊತ್ತು ಬಂದು ತೊಟ್ಟಿ ತುಂಬುತ್ತಿತ್ತು. ತೊಟ್ಟಿಯ ಪಕ್ಕದಲ್ಲಿ ಒಂದು ಪುಟ್ಟ ತೂಬಿದೆ. ಅದು ಹೋಗುವುದು ಅಧ್ಯಕ್ಷರ ತೋಟಕ್ಕೆ. ಸರದಿಯ ಪ್ರಕಾರ ಆ ತೋಟಕ್ಕೆ ನೀರು ಎಲ್ಲರ ಜೊತೆಗೆ. ಆದರೆ ಪ್ರತಿ ವರ್ಷ ಕಾಲುವೆ ತೆರೆದ ಕೂಡಲೇ ಫೋನು ಬರುತ್ತಿತ್ತು, ಹಂಗಾಮಿ ಬಿಡಪ್ಪ ತೂಬು ಎತ್ತುತ್ತಿದ್ದ, ಕೊನೆಯ ಗದ್ದೆಯವರು ಒಣ ಕಾಲುವೆಯಲ್ಲಿ ಕೂತು ಅಜ್ಜಿಯನ್ನು ಬೈಯುತ್ತಿದ್ದರು. ಆ ಮುದುಕನ ಗದ್ದೆ ಎಲ್ಲರಿಗಿಂತ ಕೊನೆಯದು.

ಫೋನು ಬಂತು.

‘ಏನಯ್ಯಾ ಕಾಯಂ ಸಾಹೇಬ,’ ಎಂದರು ಅಧ್ಯಕ್ಷರು. ‘ನೀರು ಬಂತಂತೆ. ಮೊದಲು ನಮ್ಮ ತೋಟದ ತೂಬು ಎತ್ತು. ನೀರು ಬಿಡು, ತಿಳೀತಾ?’

ಬಿಡಪ್ಪ ಕಿಟಕಿಯಿಂದ ತೂಬಿನ ಚಕ್ರ ನೋಡಿದ. ಅದಕ್ಕೆ ಬೆಳಿಗ್ಗೆಯೇ ಸರಪಳಿ ಸುತ್ತಿ ಬೀಗ ಹಾಕಿದ್ದ, ಬೀಗದ ಕೈ ಹೆಂಡತಿಯ ಸೆರಗಿನ ಗಂಟಿನಲ್ಲಿತ್ತು.

‘ಬಿಡಿ ಸಾರ್’ ಎಂದ.

‘ಹಾಂ, ಹಾಗಿರ್ಬೇಕು’ ಎಂದು ಅಧ್ಯಕ್ಷರು ಖುಷಿಯಾಗಿ ಫೋನು ಇಟ್ಟರು.